ಏಳೂ ಕಡೆಯಿಂದ ಮಳೆ

ಬೆಳಿಗ್ಗೆ ಕಾಫಿ ಲೋಟ ಹಿಡಿದು ನಡುಮನೆಗೆ ಬಂದರೆ ಹಿಂದಿನ ಎಡಗಡೆ ಸ್ಪೀಕರಿನ ಮೇಲೆ ನನ್ನ ಪಂಚೆ ಹರವಿತ್ತು. ಒದ್ದೆ ಪಂಚೆ. ಅಂಚಿನಿಂದ ತೊಟ್ಟಿಕ್ಕಿ ಕೆಂಪು ನೆಲದ ಮೇಲೆ ಅಂಗೈಯಗಲ ನೀರು ನಿಂತಿತ್ತು.

“ಅಮ್ಮಾ, ಇದು ಬಟ್ಟೆ ಒಣಗಿಸೋ ಗಳು ಅಲ್ಲ” ಅಂದೆ.

“ಇದರ ದೆಸೆಯಿಂದ ತಾನೇ ನೆಂದದ್ದು? ಇದರ ಮೇಲೇ ಒಣಗಲಿ ಬಿಡೋ” ಅಂದಳು.

ತೀರ್ಪಿನಲ್ಲಿ ದೋಷವಿರಲಿಲ್ಲ. ರಾತ್ರಿ ಸಿನಿಮಾದಲ್ಲಿ ಮಳೆ ಸುರಿಯುತ್ತಿತ್ತು, ಹಿತ್ತಲಲ್ಲೂ ಸುರಿಯುತ್ತಿತ್ತು. ಎರಡನೆಯದೂ ಸಿನಿಮಾದ್ದೇ ಅಂದುಕೊಂಡು ನಾವೆಲ್ಲ ತಲೆದೂಗುತ್ತ ಕೂತಿದ್ದೆವು. “ಎಷ್ಟು ನ್ಯಾಚುರಲ್ಲಾಗಿದೆ ನೋಡಿ” ಎಂದವನು ನಾನೇ.

ಐದು ಸ್ಪೀಕರು, ಒಂದು ಸಬ್‌ವೂಫರು ಇದ್ದದ್ದನ್ನು ಏಳು ಸ್ಪೀಕರು ಮಾಡಬೇಕೆಂಬ ಹುಳ ಯಾಕೆ ತಲೆಗೆ ಹೊಕ್ಕಿತು ಅಂತ ಕೇಳಬೇಡಿ. ಹೊಕ್ಕವರಿಗೆ ಗೊತ್ತು, ಹೊಗದವರಿಗೆ ಹೇಳಿ ಫಲವಿಲ್ಲ. ಎಸ್.ಪಿ. ರೋಡಿಗೆ ಹೋದೆ, ಎರಡು ಸ್ಪೀಕರು, ಒಂದು ಸುರುಳಿ ವೈರು ತಂದೆ. ಸುಲಭದ ಭಾಗ ಅಲ್ಲಿಗೆ ಮುಗಿಯಿತು.

ಪೆಟ್ಟಿಗೆಯೊಳಗಿನ ಪುಸ್ತಕದಲ್ಲಿ ಒಂದು ಕೋಣೆಯ ಚಿತ್ರ. ನಡುವೆ ಸೋಫಾ, ಅದರ ಮೇಲೆ ಒಬ್ಬ ಮನುಷ್ಯ. ಮುಂದಿನವು ಅವನ ಮೂಗಿನ ನೇರದಿಂದ ಆಚೀಚೆ 30 ಡಿಗ್ರಿ, ಪಕ್ಕದವು 90ರಿಂದ 110, ಹಿಂದಿನವು 135ರಿಂದ 150. ಆ ಕೋಣೆಗೆ ಬಾಗಿಲೇ ಇಲ್ಲ! ಪುಣ್ಯಾತ್ಮ ಒಳಗೆ ಬಂದದ್ದು ಹೇಗೋ. ನಮ್ಮ ನಡುಮನೆಗೆ ಐದು ಬಾಗಿಲು: ಬೀದಿಯದು, ಹಿತ್ತಲದು, ಅಡುಗೆಮನೆಯದು, ದೇವರಮನೆಯದು, ಅಟ್ಟದ ಮೆಟ್ಟಿಲಿನದು. 1892ರಲ್ಲಿ ಚಾಮರಾಜಪೇಟೆಗೆ ನಕ್ಷೆ ಬರೆದವರು ಬೀದಿಗಳನ್ನೇನೋ ನೆಟ್ಟಗೆ ಎಳೆದರು. ಆಮೇಲೆ ಮನೆ ಕಟ್ಟಿದ ನಮ್ಮ ತಾತನಿಗೆ ಮಾತ್ರ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಅನ್ನುವುದೊಂದೇ ಲೆಕ್ಕ. ಹಾಗಾಗಿ ಬಲಕ್ಕೆ 110 ಡಿಗ್ರಿಯಲ್ಲಿ ದೇವರಮನೆ, ಎಡಕ್ಕೆ 135 ಡಿಗ್ರಿಯಲ್ಲಿ ಹಿತ್ತಲ ಬಾಗಿಲು. ಗೋಡೆಗೆ ಮೊಳೆ ಹೊಡೆದರೆ ಗಾರೆ ಹಿಡಿಹಿಡಿಯಾಗಿ ಉದುರುತ್ತದೆ. ನೆಲ ಅಗೆದು ವೈರು ಹೂಳೋಣವೆಂದರೆ ರೆಡ್ ಆಕ್ಸೈಡ್. ಆ ಬಣ್ಣಕ್ಕೆ ಗುರುತು ಕಾಣದ ಹಾಗೆ ತೇಪೆ ಹಾಕುವ ಕೈ ಸಿಗುವುದು ಕಷ್ಟ. ಕೊನೆಗೆ ವೈರು ಬಾಗಿಲುವಾಡದ ಮೇಲೆ, ತೋರಣದ ಹಿಂದೆ ಹಾದುಹೋಯಿತು. ಯುಗಾದಿಯ ಒಣ ಮಾವಿನೆಲೆಗಳಿಗೆ ಒಂದು ಉದ್ಯೋಗ ಸಿಕ್ಕಿತು.

ಬರಿಯ ನೆಲ ಶಬ್ದವನ್ನು ವಾಪಸು ಎಸೆಯುತ್ತದೆ, ಜಮಖಾನ ಹಾಸಬೇಕು ಅನ್ನುವುದೆಲ್ಲ ಎಲ್ಲರೂ ಹೇಳುವ ಮಾತು. ಹಾಸಿದೆ. ಎಡವಿದೆ. ನಾನು ಹೇಳಬೇಕೆಂದಿದ್ದು ಮೈಕಿನ ವಿಷಯ.

ಕೂರುವವರ ಕಿವಿಯ ಎತ್ತರಕ್ಕೆ ಒಂದು ಪುಟ್ಟ ಮೈಕು ಇಡಬೇಕು. ಪ್ರತಿ ಸ್ಪೀಕರೂ ಸರದಿಯ ಮೇಲೆ ‘ಹೂಂಯ್’ ಅನ್ನುತ್ತದೆ. ಶಬ್ದ ಒಂದಡಿ ದಾಟಲು ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡು. ಅದರಿಂದ ಯಂತ್ರ ಯಾವುದು ಎಷ್ಟು ದೂರವೆಂದು ಎಣಿಸಿ, ಹತ್ತಿರದ್ದನ್ನು ಅಷ್ಟು ಹೊತ್ತು ತಡೆದು ಬಿಡುತ್ತದೆ, ಎಲ್ಲವೂ ಕಿವಿಗೆ ಒಟ್ಟಿಗೆ ತಲುಪಲಿ ಎಂದು. ಅದು ಕೇಳುವ ದಕ್ಷಿಣೆ ಇಷ್ಟೇ: ಮೂರು ನಿಮಿಷ ಮೌನ.

ಚಾಮರಾಜಪೇಟೆಯಲ್ಲಿ! ಆರಕ್ಕೆ ಪಕ್ಕದ ಮನೆಯ ಸುಪ್ರಭಾತ. ಏಳಕ್ಕೆ ಸೊಪ್ಪಿನವಳು. ಎಂಟಕ್ಕೆ ನಮ್ಮದೇ ಕುಕ್ಕರು. ಹತ್ತಕ್ಕೆ ಹಳೇಪೇಪರಿನವನು. ಒಂದೊಂದು ಸಲವೂ ಟೀವಿಯ ಮೇಲೆ ‘ಗದ್ದಲ ಹೆಚ್ಚು, ಮತ್ತೆ ಪ್ರಯತ್ನಿಸಿ’ ಅನ್ನುವ ಅರ್ಥದ ಇಂಗ್ಲಿಷ್ ಬೈಗುಳ. ಮಧ್ಯಾಹ್ನ ಎರಡಕ್ಕೆ ಊರು ಮಲಗಿತು ಅಂದುಕೊಂಡರೆ ಕೋಗಿಲೆ ಶುರು. ಅದರ ಕೂಗೂ ಸ್ಪೀಕರಿನದರಂತೆಯೇ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಯಂತ್ರ ಅದನ್ನು ಎಂಟನೆಯ ಸ್ಪೀಕರೆಂದು ಬರೆದುಕೊಂಡಿರಬೇಕು. ಕೊನೆಗೆ ರಾತ್ರಿ ಎರಡೂವರೆಗೆ ಎದ್ದು, ಫ್ಯಾನು, ಫ್ರಿಜ್ಜು ಆರಿಸಿ, ನನ್ನ ಕುರ್ಚಿಯ ಮೇಲೆ ಸೇರು ಬೋರಲು ಹಾಕಿ, ಅದರ ಮೇಲೆ ಮೈಕಿಟ್ಟು, ಕಳ್ಳನಂತೆ ಮೂಲೆಯಲ್ಲಿ ಉಸಿರು ಹಿಡಿದು ನಿಂತೆ.

ಫಲಿತಾಂಶ: ಸಬ್‌ವೂಫರು 31 ಅಡಿ ದೂರದಲ್ಲಿದೆ. ನಮ್ಮ ನಡುಮನೆಯ ಉದ್ದವೇ 18 ಅಡಿ. 31 ಎಂದರೆ ಪಕ್ಕದ ಮನೆಯ ಬಚ್ಚಲು. “ಅಪ್ಪ, ಅದರೊಳಗಿನ ಸರ್ಕ್ಯೂಟು ಶಬ್ದವನ್ನ ಸ್ವಲ್ಪ ತಡ ಮಾಡುತ್ತೆ. ಯಂತ್ರಕ್ಕೆ ತಡ ಅಂದ್ರೆ ದೂರ” ಎಂದ ಮಗ. ಮನುಷ್ಯರದೂ ಅದೇ ಲೆಕ್ಕ. ಫೋನು ತಡವಾದರೆ ನೆಂಟರು ದೂರವಾದರು ಅನ್ನುತ್ತೇವೆ. ಸರ್ಕ್ಯೂಟು ಹೇಗಿದೆಯೋ ಕೇಳುವುದಿಲ್ಲ.

ಇಷ್ಟೆಲ್ಲ ಆದಮೇಲೆ ತಿಳಿದದ್ದು, ಏಳು ಸ್ಪೀಕರೂ ದುಡಿಯುವುದು ಆ ಒಂದು ಕುರ್ಚಿಗೆ. ಪಕ್ಕದಲ್ಲಿ ಕೂತ ನನ್ನಾಕೆಗೆ ಬಲಗಡೆಯ ಕುದುರೆ ಓಡುವುದೇ ಕೇಳುತ್ತದೆ, ಎಡಗಡೆಯ ನಾಯಕಿ ಅಳುವುದು ಕೇಳುವುದಿಲ್ಲ. ಆಗ ಗೋಲಗುಮ್ಮಟ ನೆನಪಾಯಿತು. ಹೈಸ್ಕೂಲಿನ ಪ್ರವಾಸದಲ್ಲಿ ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಗಣಿತದ ಮೇಷ್ಟರ ಅಡ್ಡಹೆಸರು ಉಸುರಿದ್ದೆ. ಗುಮ್ಮಟದ ಆಚೆ ತುದಿಯಲ್ಲಿ ನಿಂತಿದ್ದವರು ಮೇಷ್ಟರೇ. ವೈರಿಲ್ಲ, ಮೈಕಿಲ್ಲ; ಮಾತು ಗೋಡೆ ಸವರಿಕೊಂಡು ನೆಟ್ಟಗೆ ಅವರ ಕಿವಿಗೆ ಹೋಗಿತ್ತು. 1656ರಲ್ಲಿ ತೀರಿಕೊಂಡ ಮೊಹಮ್ಮದ್ ಆದಿಲ್ ಶಾ ಒಬ್ಬನಿಗಾಗಿ ಎತ್ತಿದ ಗೋರಿ, ಕೇಳಿಸುವುದು ಎಲ್ಲರಿಗೆ. ನಮ್ಮದು ಎಲ್ಲರೂ ಕೂರುವ ನಡುಮನೆ, ಕೇಳಿಸುವುದು ಒಬ್ಬನಿಗೆ.

ಇರಲಿ, ಪಂಚೆಗೆ ಬರೋಣ. ನಮ್ಮ ಮದ್ರಾಸ್ ತಾರಸಿ ದಪ್ಪ. ತಲೆಯ ಮೇಲೆ ಮಳೆ ಬಿದ್ದರೆ ಸದ್ದೇ ಇಲ್ಲ. ಮಳೆ ಕೇಳಿಸುವುದು ಹಿತ್ತಲ ಬಚ್ಚಲಿನ ತಗಡಿನ ಮೇಲೆ, ಅಂದರೆ ಎಡಕ್ಕೆ 135 ಡಿಗ್ರಿಯಲ್ಲಿ. ಆ ದಿಕ್ಕಿಗೆ ನಾನು ಸ್ಪೀಕರು ಕಾವಲಿಟ್ಟಿದ್ದೆ. ಸಿನಿಮಾ ಮಳೆ ಏಳೂ ಕಡೆಯಿಂದ ಬರುತ್ತದೆ, ಮನೆ ಮಳೆ ಒಂದೇ ಕಡೆಯಿಂದ, ಅಷ್ಟು ಹೊಳೆಯಬೇಕಿತ್ತು.

“ನನಗೆ ಕೇಳಿಸ್ತು ಕಣೋ,” ಅಂದಳು ಅಮ್ಮ, ಪಂಚೆಯ ಮಡಿಕೆ ಬಿಡಿಸುತ್ತ. “ಎದ್ದು ಹೋಗಿ ನನ್ನ ಸೀರೆ ತಂದುಕೊಂಡೆ. ನೀನು ಅಷ್ಟು ಭಕ್ತಿಯಿಂದ ಮಳೆ ಕೇಳ್ತಿದ್ದೆ, ಎಬ್ಬಿಸೋದು ಬೇಡ ಅಂತ ಸುಮ್ಮನಾದೆ.”

ಆ ತಗಡು ತುಕ್ಕು ಹಿಡಿದಿದೆ. ಫೈಬರ್ ಹಾಕಿಸೋಣ ಎನ್ನುತ್ತಾನೆ ಮಗ. ಫೈಬರಿನ ಮೇಲೆ ಮಳೆ ಯಾವ ಶ್ರುತಿಯಲ್ಲಿ ಬೀಳುತ್ತದೋ, ಒಂದು ತುಂಡು ತಂದು ನೋಡಬೇಕು.