ಮುಂದಕ್ಕೆ ಹಾಕುವುದು

ನಮ್ಮ ಸಂಜೆಯ ಇಂಗ್ಲಿಷ್ ತರಗತಿಯಲ್ಲಿ ಮೊನ್ನೆ ಹುಡುಗಿಯೊಬ್ಬಳು, ಪರೀಕ್ಷೆ ಮುಂದಕ್ಕೆ ಹೋದ ಖುಷಿಯಲ್ಲಿ, ‘ದಿ ಎಕ್ಸಾಮ್ ಈಸ್ ಪುಟ್ ಫಾರ್ವರ್ಡ್’ ಎಂದು ಬರೆದಳು. ಎಂಥ ಚೆಂದದ ತಪ್ಪು! ಕೆಂಪು ಗೀಟು ಎಳೆಯಲು ಮನಸ್ಸೇ ಬರಲಿಲ್ಲ. ತಡವಾದ ಪರೀಕ್ಷೆ ನಮಗೆ ಮುಂದಕ್ಕೆ ಹೋಗುತ್ತದೆ. ಲಂಡನ್ನಿನವನಿಗೆ ಅದು ‘ಪುಟ್ ಬ್ಯಾಕ್’, ಹಿಂದಕ್ಕೆ. ಅವನ ‘ಪುಟ್ ಫಾರ್ವರ್ಡ್’ ಅಂದರೆ ಹೇಳಿದ ದಿನಕ್ಕಿಂತ ಮೊದಲೇ ಬಂದು ವಕ್ಕರಿಸುವುದು. ಇವಳು ಕುಣಿದಾಡಿದ ಸುದ್ದಿಗೆ ಅವನು ರಾತ್ರಿಯಿಡೀ ನಿದ್ದೆಗೆಟ್ಟು ಓದಬೇಕು. ಮೊದಲೇ ಬಂದದ್ದನ್ನು ಹೇಳಲು ನಮ್ಮ ದೇಶದವರು ‘ಪ್ರಿಪೋನ್’ ಎಂಬುದನ್ನು ಬಳಕೆಗೆ ತಂದರು. ಆಕ್ಸ್‌ಫರ್ಡ್ ನಿಘಂಟು ಕೂಡ ಅದಕ್ಕೆ ಜಾಗ ಕೊಟ್ಟಿದೆ.

ಅವಳಿಗೆ ಬೇಕಾಗಿದ್ದದ್ದು ‘ಪುಟ್ ಆಫ್’. ಅದನ್ನು ಕಲಿಸುವ ದಿನ ನನಗೆ ಹಬ್ಬ. ಅರ್ಥ ಹೇಳುವುದೇ ಇಲ್ಲ. ನಡುವೆ ‘ಇಟ್’ ತೂರಿಸಿ, ಕೊನೆಗೆ ಒತ್ತು ಹಾಕಿ, ‘ಪುಟಿಟಾಫ್’ ಎಂದು ಒಂದೇ ಉಸಿರಿನಲ್ಲಿ ಹೇಳಿಸುತ್ತೇನೆ. ಹಲ್ಲು ಕೀಳಿಸುವುದು? ಪುಟಿಟಾಫ್. ಕಪಾಟು ಜೋಡಿಸುವುದು? ಪುಟಿಟಾಫ್. ಐದು ನಿಮಿಷ ಹೀಗೆ ಗದ್ದಲವೆಬ್ಬಿಸಿದ ಮೇಲೆ ‘ಪುಟ್ ಆಫ್ ಇಟ್’ ಅನ್ನಿ ಎಂದರೆ ನಾಲಿಗೆಯೇ ಹಟ ಹಿಡಿಯುತ್ತದೆ. ನಾಮಪದವಾದರೆ ನಡುವೆಯೂ ಕೂರಬಹುದು, ಕೊನೆಗೂ ಕೂರಬಹುದು. ಸರ್ವನಾಮಕ್ಕೆ ಮಾತ್ರ ನಡುವಿನ ಸೀಟೇ ಗತಿ. ಆ ನಿಯಮ ಬೋರ್ಡಿಗೆ ಬರುವ ಮೊದಲೇ ಬಾಯಿಗೆ ಬಂದಿರುತ್ತದೆ. ಆಮೇಲೆ ಪಕ್ಕದಲ್ಲಿ ‘ಕಾಲ್ ಆಫ್’ ಇಡುತ್ತೇನೆ. ಮದುವೆ ಪುಟ್ ಆಫ್ ಆದರೆ ಛತ್ರದವನಿಗೆ ಬೇರೆ ತಾರೀಖು ಹೇಳಬೇಕು. ಕಾಲ್ ಆಫ್ ಆದರೆ ಕೊಟ್ಟ ಅಡ್ವಾನ್ಸು ವಾಪಸ್ ಕೇಳಬೇಕು.

ನನ್ನ ಜಗಳವೆಲ್ಲ ಪಟ್ಟಿ ಮೇಷ್ಟ್ರುಗಳ ಜೊತೆ. ‘ಪುಟ್ ಆಫ್ ಅಂದರೆ ಪೋಸ್ಟ್‌ಪೋನ್’ ಎಂಬ ಧಾಟಿಯ ನೂರು ಸಾಲನ್ನು ಜೆರಾಕ್ಸ್ ಮಾಡಿಸಿ ಹಂಚಿ ಕೈ ತೊಳೆದುಕೊಳ್ಳುತ್ತಾರೆ. ನಾಳೆ ಆ ಪಟ್ಟಿ ಪಡೆದ ಹುಡುಗ ‘ದಿ ಸ್ಮೆಲ್ ಪುಟ್ ಮಿ ಆಫ್’ ಎಂದು ಎಲ್ಲೋ ಓದಿ, ವಾಸನೆ ಅವನನ್ನು ಯಾವ ತಾರೀಖಿಗೆ ಮುಂದೂಡಿತು ಎಂದು ತಲೆ ಕೆರೆದುಕೊಳ್ಳುತ್ತಾನೆ. ಹೇಸಿಗೆಯಾಗಿ ಬೇಡವೆನಿಸಿತು ಎಂಬುದು ಪಟ್ಟಿಯಲ್ಲಿಲ್ಲವಲ್ಲ!

ತತ್ತ್ವಜ್ಞಾನಿ ಮೇಷ್ಟ್ರುಗಳು ಇನ್ನೂ ಅಪಾಯ. ‘ಅಪ್’ ಎಂದರೆ ಸಂಪೂರ್ಣತೆಯಂತೆ. ‘ಗಿವ್ ಅಪ್’ ಬಂದಾಗ ಎರಡೂ ಕೈ ಮೇಲೆತ್ತಿ ಶರಣಾಗಿ ತೋರಿಸುತ್ತಾರೆ. ಹಾಗಾದರೆ ಸ್ವಾಮಿ, ಕಾಗದ ‘ಬರ್ನ್ ಅಪ್’ ಆಗುತ್ತದೆ, ಮನೆ ‘ಬರ್ನ್ ಡೌನ್’ ಆಗುತ್ತದೆ. ಮನೆ ಅರ್ಧಕ್ಕೇ ಉಳಿಯಿತೇ? ಕೇಳಿದರೆ ‘ಅದು ಎಕ್ಸೆಪ್ಶನ್’. ಈ ಉತ್ತರ ಕೇಳಿದಾಗಲೆಲ್ಲ ನನಗೆ ನಿಜಕ್ಕೂ ಮೈ ಉರಿಯುತ್ತದೆ. 1755ರಲ್ಲಿ ಬಂದ ತನ್ನ ನಿಘಂಟಿನ ಮುನ್ನುಡಿಯಲ್ಲೇ ಸ್ಯಾಮ್ಯುಯೆಲ್ ಜಾನ್ಸನ್, ಪರಕೀಯರಿಗೆ ಎಲ್ಲಕ್ಕಿಂತ ತೊಡಕಾಗುವುದು ಇಂಥ ಜೋಡಿ ಕ್ರಿಯಾಪದಗಳೇ ಎಂದು ಒಪ್ಪಿಕೊಂಡು, ಇವನ್ನು ಜತನದಿಂದ ಗುರುತು ಹಾಕಿಕೊಂಡಿದ್ದ. ಅಂಥವನು ಹೆಣಗಿದ್ದನ್ನು ಇವರು ಎರಡು ಕೈಯಲ್ಲಿ ಮುಗಿಸುತ್ತಾರೆ.

ನಮ್ಮ ‘ಬಿಡು’ ಏನು ಕಡಿಮೆಯೇ? ಹಾಲು ಉಕ್ಕಿಬಿಟ್ಟಿತು, ಬಸ್ಸು ಹೊರಟುಬಿಟ್ಟಿತು, ಅವಳು ಅತ್ತುಬಿಟ್ಟಳು. ಯಾರು ಏನನ್ನು ಬಿಟ್ಟರು? ‘ಹೇಳಿಕೊ’ ಎಂದರೆ ಮನಸ್ಸು ಹಗುರ ಮಾಡಿಕೊಳ್ಳುವುದು, ‘ಹೇಳಿಕೊಡು’ ಎಂದರೆ ಪಾಠ. ಅದೇ ‘ಹೇಳಿಕೊಟ್ಟವರು ಯಾರೋ ಇದ್ದಾರೆ’ ಎಂದಾಗ ಪಾಠ ಹೋಗಿ ಪಿತೂರಿಯಾಗುತ್ತದೆ. ‘ಬಿಡು ಎಂದರೆ ತ್ಯಜಿಸು’ ಎಂದು ನೋಟ್ಸ್ ಬರೆದುಕೊಂಡು ಯಾವ ಮಗುವೂ ಕನ್ನಡ ಕಲಿಯಲಿಲ್ಲ.

ಪಟ್ಟಿ ಹಂಚುವ ಮಿತ್ರರಲ್ಲಿ ಒಂದೇ ಕೋರಿಕೆ: ನೂರು ಬೇಡ, ವಾರಕ್ಕೆ ಮೂರು ಕೊಡಿ, ಒಂದೊಂದಕ್ಕೂ ಎರಡು ವಾಕ್ಯವಿರಲಿ, ಎರಡನೆಯದರಲ್ಲಿ ‘ಇಟ್’ ಇರಲಿ.