ಹಳೇ ಓಮ್ನಿ ಘಾಟ್ ಏರವಲ್ದು ಅಂದ್ರ

ಮಾರುತಿಯವರು 2019ಕ್ಕೆ ಓಮ್ನಿ ಮಾಡೋದು ನಿಲ್ಲಿಸಿದರೂ ನಮ್ಮ ಕಡೆ ಕಾಯಿಪಲ್ಲೆ ಹೇರಾಕ ಅದೇ ಗಾಡಿ. ಎಲ್ಲಾರದೂ ಒಂದೇ ತಕರಾರು. ನಿಪ್ಪಾಣಿ ದಾಟಿ ತವಂದಿ ಘಾಟ್ ಬಂತಂದ್ರ ಗಾಡಿ ಜಗ್ಗವಲ್ದು, ಹಿಂದಿನ ಲಾರಿಯವರು ಹಾರ್ನ್ ಹೊಡಿಯಾಕ ಸುರು.

ನಮ್ಮ ಗಾಡಿ ನೋಡಿದ ಒಬ್ಬ ಮಿಸ್ತ್ರಿ, "ಎಂಜಿನ್ ಬಿಚ್ಚಬೇಕು, 30 ಸಾವಿರ ಆಗತೈತಿ" ಅಂದ. ಕಬ್ಬಿನ ಬಿಲ್ ಇನ್ನೂ ಬಂದಿರಲಿಲ್ಲ. ವಿಚಾರ ಮಾಡಿ ಹೇಳತೀನಿ ಅಂತ ಮನಿಗೆ ತಂದೆ.

ಇದು 796 ಸಿಸಿ, ಮೂರು ಸಿಲಿಂಡರಿನ ಎಂಜಿನ್. ಹೊಸದಿದ್ದಾಗಲೇ ಸುಮಾರು 35 ಎಚ್‌ಪಿ. ನಮ್ಮ ಬಾವಿಯ 5 ಎಚ್‌ಪಿ ಮೋಟರ್ ಏಳು ಕೂಡಿದಷ್ಟು, ಅಷ್ಟೇ. ಅದರಾಗ ಸ್ವಲ್ಪ ಸೋರಿದರೂ ಏರಿನ್ಯಾಗ ಗೊತ್ತಾಗತೈತಿ.

ಮೊದಲು ಆಕ್ಸಿಲರೇಟರ್ ಕೆಳಗಿನ ಮ್ಯಾಟ್, ಗೋಣಿಚೀಲ ತೆಗೀರಿ. ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ಇನ್ನೊಬ್ಬರು ಕಾರ್ಬುರೇಟರ್ ಹತ್ರ ನೋಡ್ರಿ. ಕೇಬಲ್ ಸಡಿಲಾಗಿದ್ರ ಥ್ರಾಟಲ್ ಪೂರ್ತಿ ತೆರಿಯಂಗಿಲ್ಲ. ರೊಕ್ಕ ಖರ್ಚಿಲ್ಲದ ಕೆಲಸ.

ಆಮೇಲೆ ಏರ್ ಫಿಲ್ಟರ್. ಕಬ್ಬಿನ ಸೀಸನ್‌ನ್ಯಾಗ ಟ್ರಾಲಿಗಳ ಧೂಳು, ರವದಿ ಸುಟ್ಟ ಬೂದಿ ಎಲ್ಲಾ ಅದರಾಗ. ಗಾಳಿ ಕಟ್ಟಿದ್ರ ಕರಿ ಹೊಗೆ ಬರತೈತಿ, ಪ್ಲಗ್ ಕಪ್ಪಾಗತಾವ. ಕಾಗದದ ಫಿಲ್ಟರ್ ನೀರಿನ್ಯಾಗ ತೊಳೀಬ್ಯಾಡ್ರಿ, ಹೊಸದೇ ಹಾಕ್ರಿ.

ಗಾಲಿ ಜಾಕ್ ಮೇಲೆ ಎತ್ತಿ, ಗೇರ್ ನ್ಯೂಟ್ರಲ್ ಮಾಡಿ, ಕೈಲೆ ತಿರುವಿ ನೋಡ್ರಿ. (ಉಳಿದ ಗಾಲಿಗೆ ಕಲ್ಲು ಕೊಡೋದು ಮರೀಬ್ಯಾಡ್ರಿ.) ನಮ್ಮದರ ಒಂದು ಮುಂದಿನ ಗಾಲಿ ಬ್ರೇಕ್ ಹಿಡಿದು ತಿರುಗವಲ್ದಾಗಿತ್ತು! ಎಂಜಿನ್ನಿನ ಅರ್ಧ ದುಡಿಮೆ ಅಲ್ಲೇ ಹೋಗತಿತ್ತು.

ಏರಿನ್ಯಾಗ ಎಂಜಿನ್ ಕೂಗತೈತಿ, ಗಾಡಿ ಮುಂದ ಹೋಗಂಗಿಲ್ಲ, ಸುಟ್ಟ ವಾಸನಿ ಬರತೈತಿ ಅಂದ್ರ ಕ್ಲಚ್ ಪ್ಲೇಟ್ ತಿಂದೈತಿ.

ಹುಡುಗರು ದೊಡ್ಡ ಸೈಲೆನ್ಸರ್ ಹಾಕಸ್ತಾರ. ಸಪ್ಪಳ ಹೆಚ್ಚಾಗತೈತಿ, ಊರ ನಾಯಿ ಬೆನ್ನು ಹತ್ತತಾವ, ಜಗ್ಗೋದು ಅಷ್ಟೇ.

ಇಷ್ಟಾದರೂ ಜಗ್ಗದಿದ್ರ ಎಂಜಿನ್ ಬಿಚ್ಚೋಕಿಂತ ಮೊದಲು ಕಂಪ್ರೆಶನ್ ಗೇಜ್ ಹಚ್ಚಿ ಮೂರೂ ಸಿಲಿಂಡರ್ ತೋರಿಸು ಅಂತ ಮಿಸ್ತ್ರಿಗೆ ಕೇಳ್ರಿ. ಒಂದರಾಗ ಕಡಿಮೆ ಬಂದ್ರ ಪ್ಲಗ್ ತೂತಿನ್ಯಾಗ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತ ನೋಡಬೇಕು. ಏರಿದ್ರ ರಿಂಗ್ ಸವದಾವ, ಏರದಿದ್ರ ಹೆಚ್ಚಾಗಿ ವಾಲ್ವ್ ತಂಟೆ. ನಮ್ಮದರಾಗ ಮೂರೂ ಸರಿಸಮ ಬಂದವು. ಬ್ರೇಕ್, ಫಿಲ್ಟರ್, ಪ್ಲಗ್ ಸೇರಿ ಎರಡು ಸಾವಿರದೊಳಗ ಮುಗೀತು. ಹೋದ ವಾರ 12 ಟ್ರೇ ಟೊಮೆಟೊ ಹೇರಿಕೊಂಡು ಘಾಟ್ ಏರಿಸಿ ಬಂದೇನಿ.