ಹೇಸರಗತ್ತೆಯ ಕಾಲುದಾರಿ

ಅಮರಸಿಂಹನು ದಾರಿಗೆ ಹೇಳಿರುವ ಪರ್ಯಾಯನಾಮಗಳಲ್ಲಿ ಪದವೀ, ಪದ್ಧತಿ, ಪದ್ಯಾ, ಏಕಪದೀ ಎಂಬ ನಾಲ್ಕೂ ಕಾಲಿನ ಹೆಸರಿನಿಂದ ಹುಟ್ಟಿದವು. ಕಾಲು ತುಳಿದುದೇ ದಾರಿಯಾಯಿತೆಂಬುದಕ್ಕೆ ಈ ಮಾತುಗಳೇ ಸಾಕ್ಷಿ. ಬಂಡಿ ಬಂದುದು ಆಮೇಲೆ. ಮೋಟಾರು ಬಂದುದು ತೀರ ಈಚೆಗೆ. ಆದರೂ ದೊಡ್ಡ ಪಟ್ಟಣಗಳಲ್ಲಿ ದಾರಿಯ ಮೊದಲ ಒಡೆಯನು ಇಂದು ಅದರ ಅಂಚಿನಲ್ಲಿ ಅಂಜುತ್ತ ನಿಂತಿರುವನು. ಬೈಸಿಕಲ್ಲಿನವನ ಪಾಡೂ ಅವನದಕ್ಕಿಂತ ಮೇಲಲ್ಲ. ಹೀಗೆ ಕೈಬಿಟ್ಟುಹೋದ ಹಕ್ಕು ಒಂದು ದೇಶದಲ್ಲಿ, ಒಂದು ನದಿಯ ದಂಡೆಯ ಮೇಲೆ, ಹೇಗೆ ಉಳಿಯಿತೆಂಬುದು ವಾಚಕರು ತಿಳಿಯತಕ್ಕ ವೃತ್ತಾಂತವಾಗಿದೆ.

ಅಮೆರಿಕಾ ಸಂಯುಕ್ತ ಸಂಸ್ಥಾನದ ರಾಜಧಾನಿಯಾದ ವಾಷಿಂಗ್ಟನ್ ನಗರದ ಜಾರ್ಜ್‌ಟೌನ್ ಎಂಬ ಭಾಗದಿಂದ ಹೊರಟು, ಪೊಟೋಮ್ಯಾಕ್ ನದಿಯ ಎಡದಂಡೆಯನ್ನೇ ಹಿಡಿದು ಕಂಬರ್‌ಲೆಂಡ್ ಎಂಬ ಊರಿನವರೆಗೆ ೧೮೪½ ಮೈಲಿ. ಅಲ್ಲಿಂದ ಅಲೆಘೆನಿ ಬೆಟ್ಟಗಳನ್ನು ದಾಟಿ ಪಿಟ್ಸ್‌ಬರ್ಗ್ ನಗರದವರೆಗೆ ೧೫೦ ಮೈಲಿ. ಅಡ್ಡರಸ್ತೆಗಳನ್ನು ದಾಟುವ ಎಡೆಗಳನ್ನೂ ಊರೊಳಗಿನ ಕೆಲವು ತುಣುಕುಗಳನ್ನೂ ಬಿಟ್ಟರೆ, ಸುಮಾರು ೩೩೫ ಮೈಲಿಗಳ ಈ ದಾರಿಗೆ ಮೋಟಾರಿನ ಸೋಂಕಿಲ್ಲ. ಮೊದಲ ಭಾಗವು ಮಣ್ಣು ಮತ್ತು ಜಲ್ಲಿಯದು. ಎರಡನೆಯದು ನುಣ್ಣಗೆ ಪುಡಿಮಾಡಿದ ಸುಣ್ಣಕಲ್ಲನ್ನು ಹರಡಿ ಗಟ್ಟಿಸಿದ್ದು. ದಿನಕ್ಕೆ ೫೦ ಮೈಲಿಯಂತೆ ಹೋದರೆ ಬೈಸಿಕಲ್ ಸವಾರನಿಗೆ ಏಳು ದಿನಗಳ ಪ್ರಯಾಣ. ಆ ಏಳು ದಿನವೂ ಎಡಕ್ಕೋ ಬಲಕ್ಕೋ ಯಾವುದಾದರೂ ಒಂದು ನದಿಯ ಕಣಿವೆ. ಬಹುದೂರ ತಲೆಯ ಮೇಲೆ ಮರಗಳ ಚಪ್ಪರ.

ಈ ದಾರಿಯನ್ನು ಸವಾರನಿಗಾಗಿ ಯಾರೂ ಮಾಡಲಿಲ್ಲವೆಂಬುದೇ ಇಲ್ಲಿಯ ವಿಶೇಷ. ೧೮೨೮ನೆಯ ಇಸವಿ ಜುಲೈ ೪ರಂದು ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಗುದ್ದಲಿ ಹಿಡಿದು ಒಂದು ನಾಲೆಗೆ ಪ್ರಾರಂಭೋತ್ಸವ ಮಾಡಿದರು. ಗುದ್ದಲಿಗೆ ಮರದ ಬೇರು ಅಡ್ಡಬರಲು, ಅಧ್ಯಕ್ಷರು ಕೋಟನ್ನು ಕಳಚಿಟ್ಟು ಅಗೆದರೆಂದು ಚರಿತ್ರೆ ಹೇಳುವುದು. ವಾಷಿಂಗ್ಟನ್ನಿನಿಂದ ಪಿಟ್ಸ್‌ಬರ್ಗಿನ ಬಳಿಯ ಓಹಾಯೋ ನದಿಯವರೆಗೆ ದೋಣಿಗಳು ಹೋಗಬೇಕೆಂಬುದು ಉದ್ದೇಶ. ಅದೇ ದಿನ ಬಾಲ್ಟಿಮೋರ್ ನಗರದಲ್ಲಿ ಬೇರೊಂದು ಮಂಡಲಿಯವರು ಅದೇ ಓಹಾಯೋವಿಗೆ ರೈಲುದಾರಿಯನ್ನು ಹಾಕಲು ಶಂಕುಸ್ಥಾಪನೆ ಮಾಡಿದರು. ರೈಲು ಕಂಬರ್‌ಲೆಂಡನ್ನು ೧೮೪೨ರಲ್ಲಿ ಸೇರಿತು. ನಾಲೆ ಸೇರಿದುದು ೧೮೫೦ರಲ್ಲಿ. ಸೋತ ನಾಲೆ ಅಲ್ಲಿಗೇ ನಿಂತಿತು. ನದಿಯ ಮಟ್ಟವು ಏರಿದಂತೆಲ್ಲ ದೋಣಿಗಳನ್ನು ಎತ್ತುವುದಕ್ಕಾಗಿ ‘ಲಾಕು’ ಎಂಬ ಬಾಗಿಲುಳ್ಳ ಕಲ್ಲುತೊಟ್ಟಿಗಳನ್ನು ಕಟ್ಟಿದ್ದರು, ಅಂಥವು ೭೪. ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದವು ಹೇಸರಗತ್ತೆಗಳು. ಅವು ನಡೆಯುವುದಕ್ಕೆಂದು ನಾಲೆಯ ಏರಿಯ ಮೇಲೆ ಒಂದು ದಾರಿ. ಗಂಟೆಗೆ ಮೂರು ನಾಲ್ಕು ಮೈಲಿಯ ವೇಗದಲ್ಲಿ ಕಲ್ಲಿದ್ದಲನ್ನು ಹೊತ್ತ ದೋಣಿಗಳು ೧೯೨೪ರ ಪ್ರವಾಹದವರೆಗೆ ಸಾಗಿ, ಅನಂತರ ನಿಂತುಹೋದವು. ೧೯೩೮ರಲ್ಲಿ ಸರಕಾರವು ಈ ಹಾಳುನಾಲೆಯನ್ನು ೨೦ ಲಕ್ಷ ಡಾಲರುಗಳಿಗೆ ಕೊಂಡಿತು. ಮಾರಿದವರು, ಕಾಲಕ್ರಮದಲ್ಲಿ ನಾಲೆಯನ್ನು ಕೈವಶ ಮಾಡಿಕೊಂಡಿದ್ದ ಆ ರೈಲು ಕಂಪೆನಿಯವರೇ.

ಕೊಂಡ ವಸ್ತುವನ್ನು ಏನು ಮಾಡುವುದು? ಏರಿಯ ಮೇಲೆ ಮೋಟಾರು ರಸ್ತೆ ಹಾಕಿದರೆ ಜನರು ವಿಹಾರಕ್ಕೆ ಹೋಗಬಹುದೆಂಬ ಯೋಜನೆ ಹುಟ್ಟಿತು. ೧೯೫೪ರ ಜನವರಿಯಲ್ಲಿ ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯು ಅದನ್ನು ಅನುಮೋದಿಸಿ ಬರೆಯಿತು. ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಾದ ವಿಲಿಯಂ ಡಗ್ಲಾಸ್ ಎಂಬವರು ಪತ್ರಿಕೆಗೆ ಕಾಗದ ಬರೆದು, ಸಂಪಾದಕರು ತಮ್ಮೊಡನೆ ನಾಲೆಯುದ್ದಕ್ಕೂ ನಡೆದು ನೋಡಿ ಆಮೇಲೆ ಅಭಿಪ್ರಾಯ ಹೇಳಲಿ ಎಂದು ಆಹ್ವಾನವಿತ್ತರು. ಇವರು ಭಾರತವನ್ನು ಕಂಡವರು; ೧೯೫೫ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಠಾಗೂರ್ ನ್ಯಾಯಶಾಸ್ತ್ರೋಪನ್ಯಾಸಗಳನ್ನು ಕೊಟ್ಟವರು. ಸಂಪಾದಕರು ಆಹ್ವಾನವನ್ನು ಒಪ್ಪಿಕೊಂಡರು. ಆ ಮಾರ್ಚಿ ತಿಂಗಳಲ್ಲಿ ಕಂಬರ್‌ಲೆಂಡಿನಿಂದ ಒಂದು ದಂಡು ಹೊರಟಿತು. ಹೊರಟವರು ಮೂವತ್ತಕ್ಕಿಂತ ಹೆಚ್ಚು, ಪೂರ್ತಿ ನಡೆದು ವಾಷಿಂಗ್ಟನ್ನನ್ನು ಮುಟ್ಟಿದವರು ಒಂಬತ್ತು ಮಂದಿ. ಪತ್ರಿಕೆಯು ನಾಲೆಯುದ್ದಕ್ಕೂ ರಸ್ತೆಯೆಂಬ ಪಕ್ಷವನ್ನು ಬಿಟ್ಟುಕೊಟ್ಟಿತು. ೧೯೭೧ರಲ್ಲಿ ಶಾಸನವಾಗಿ ನಾಲೆ ರಾಷ್ಟ್ರೀಯ ಐತಿಹಾಸಿಕೋದ್ಯಾನವಾಯಿತು.

ವಾದಕ್ಕೆ ಕುಳಿತವನು ಎದುರಾಳಿಯನ್ನು ಕರೆದುಕೊಂಡು ನಡೆಯುವುದು ಅಪೂರ್ವ. ತರ್ಕದಲ್ಲಿ ಶಬ್ದಪ್ರಮಾಣಕ್ಕಿಂತ ಪ್ರತ್ಯಕ್ಷವು ಮೊದಲಿನದು; ಆ ನ್ಯಾಯಾಧೀಶರು ಪ್ರತ್ಯಕ್ಷವನ್ನೇ ಮುಂದಿಟ್ಟರು. ೧೯೭೨ರಲ್ಲಿ ಮತ್ತೊಂದು ವ್ಯಾಜ್ಯದ ಭಿನ್ನಾಭಿಪ್ರಾಯದಲ್ಲಿ, ನದಿ, ಕಣಿವೆ, ತೋಪು ಇವುಗಳ ಹೆಸರಿನಲ್ಲಿಯೇ ನ್ಯಾಯಾಲಯದಲ್ಲಿ ದಾವೆ ಹೂಡಲು ಅವಕಾಶವಿರಬೇಕೆಂದು ಅವರು ಬರೆದರು. ಬಹುಮತವು ಅದನ್ನು ಒಪ್ಪಲಿಲ್ಲ.

ಕಂಬರ್‌ಲೆಂಡಿನಿಂದಾಚೆಗಿನ ದಾರಿಯ ಕಥೆ ಬೇರೆ. ಅದು ಬಹುಪಾಲು ವೆಸ್ಟರ್ನ್ ಮೇರಿಲೆಂಡ್ ಎಂಬ ರೈಲಿನ ಹಾಸು. ೧೯೧೨ರಲ್ಲಿ ತೆರೆದ ಆ ಮಾರ್ಗವು ೧೯೭೫ರಲ್ಲಿ ನಿಂತಿತು, ಕಂಬಿಗಳನ್ನು ಕಿತ್ತರು. ೧೯೮೬ರಲ್ಲಿ ಓಹಾಯೋಪೈಲ್ ಎಂಬಲ್ಲಿ ಒಂಬತ್ತು ಮೈಲಿಗಳಷ್ಟು ಮೊದಲು ಸವಾರರಿಗೆ ತೆರೆಯಲ್ಪಟ್ಟಿತು. ಉಳಿದುದು ತುಂಡುತುಂಡಾಗಿ ಕೂಡಿಕೊಂಡು, ೨೦೧೩ರಲ್ಲಿ ಪಿಟ್ಸ್‌ಬರ್ಗಿನ ನಡುವಿನವರೆಗೆ ಮುಟ್ಟಿತು. ಇಂಥ ದಾರಿಗಳ ಭೂಮಿ ಯಾರದೆಂಬ ಪ್ರಶ್ನೆ ಸುಲಭದ್ದಲ್ಲ. ರೈಲು ಹೋದಮೇಲೆ ನೆಲವು ತಮಗೆ ಮರಳಬೇಕೆಂದು ಅನೇಕ ಕಡೆ ಪಕ್ಕದ ಹೊಲದವರು ವಾದಿಸಿದರು. ಆ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಮುಂದೆಂದಾದರೂ ರೈಲಿಗೆ ಬೇಕಾಗಬಹುದೆಂದು ಹಾಸನ್ನು ಒಡೆಯದೆ ಕಾದಿಟ್ಟು, ಅಲ್ಲಿಯವರೆಗೆ ಕಾಲುದಾರಿಯಾಗಿ ಬಳಸಬಹುದೆಂದು ೧೯೮೩ರ ಶಾಸನವು ವಿಧಿಸಿತು. ೧೯೯೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿದು, ನಷ್ಟವಾದವರು ಪರಿಹಾರ ಕೇಳುವ ಮಾರ್ಗವನ್ನೂ ಮುಚ್ಚಲಿಲ್ಲ. ಒಡೆದ ದಾರಿಯನ್ನು ಮತ್ತೆ ಕೂಡಿಸುವುದು ಒಡೆದ ಮನೆಯನ್ನು ಕೂಡಿಸುವುದಕ್ಕಿಂತ ಕಷ್ಟವೆಂಬ ವಿವೇಕ ಆ ಶಾಸನದಲ್ಲಿದೆ.

ಪ್ರಯೋಜನವು ಸವಾರನ ತೊಡೆಗೆ ತಿಳಿಯುವುದು. ರೈಲಿನ ಎಂಜಿನು ಕಡಿದಾದ ಏರನ್ನು ಹತ್ತಲಾರದು. ಆದಕಾರಣ ಇಂಜಿನಿಯರುಗಳು ಬೆಟ್ಟವನ್ನು ಬಳಸಿಯೂ ಕೊರೆದೂ ಏರನ್ನು ನೂರಕ್ಕೆ ಎರಡಕ್ಕಿಂತ ಕಡಮೆಯಾಗಿಟ್ಟರು. ಕಂಬರ್‌ಲೆಂಡಿನಿಂದ ಸುಮಾರು ೨೪ ಮೈಲಿ ಹತ್ತಿದರೆ ೨,೩೯೨ ಅಡಿ ಎತ್ತರದ ಜಲವಿಭಾಜಕ ದೊರೆಯುವುದು. ಅದರ ಪೂರ್ವಕ್ಕೆ ಬಿದ್ದ ಮಳೆಯು ಪೊಟೋಮ್ಯಾಕಿನ ಮೂಲಕ ಅಟ್ಲಾಂಟಿಕಕ್ಕೂ, ಪಶ್ಚಿಮಕ್ಕೆ ಬಿದ್ದುದು ಓಹಾಯೋ, ಮಿಸಿಸಿಪಿಗಳ ಮೂಲಕ ಮೆಕ್ಸಿಕೋ ಕೊಲ್ಲಿಗೂ ಹೋಗುವುದು. ಅನಂತರ ಕಾಸಲ್‌ಮನ್, ಯಾಕಗೇನಿ, ಮನಾಂಗಹೇಲ ನದಿಗಳ ಕಣಿವೆಗಳಲ್ಲಿ ಇಳಿಜಾರು. ಹಳೆಯ ಉಕ್ಕಿನ ಕಾರ್ಖಾನೆಗಳಿದ್ದ ಹೋಮ್‌ಸ್ಟೆಡ್ಡಿನ ಚಿಮಣಿಗಳನ್ನು ದಾಟಿದಮೇಲೆ, ಎರಡು ನದಿಗಳು ಕೂಡಿ ಓಹಾಯೋ ಆಗುವ ಸಂಗಮದಲ್ಲಿ ದಾರಿ ಮುಗಿಯುವುದು. ೧೮೨೮ರಲ್ಲಿ ದೋಣಿಗಾಗಿ ಕಂಡ ಕನಸು ೧೮೫ ವರ್ಷಗಳ ಮೇಲೆ ಬೈಸಿಕಲ್ಲಿನಿಂದ ಕೈಗೂಡಿತು.

ಆದರೆ ಈ ಸೌಖ್ಯದ ತಳದಲ್ಲಿ ಯಾರ ಬೆವರಿದೆಯೆಂಬುದನ್ನು ಮರೆಯತಕ್ಕುದಲ್ಲ. ನಾಲೆಯ ದಾರಿಯಲ್ಲಿ ಪಾಪಾ ಎಂಬ ಸುರಂಗವಿದೆ. ಸೀತಾಫಲದ ಕುಲಕ್ಕೆ ಸೇರಿದ ಒಂದು ಕಾಡುಹಣ್ಣಿನಿಂದ ಅದಕ್ಕೆ ಆ ಹೆಸರು. ೩,೧೧೮ ಅಡಿ ಉದ್ದದ ಅದನ್ನು ಕೊರೆಯಲು ೧೮೩೬ರಿಂದ ೧೮೫೦ರವರೆಗೆ ಹಿಡಿಯಿತು, ಗುತ್ತಿಗೆದಾರನು ದಿವಾಳಿಯೆದ್ದನು. ಸಮುದ್ರ ದಾಟಿ ಬಂದ ಐರ್ಲೆಂಡಿನ ಬಡ ಕೂಲಿಗಳು ಈ ನಾಲೆಯನ್ನು ತೋಡಿದವರು. ೧೮೩೨ರ ಕಾಲರಾ ಅವರಲ್ಲಿ ಅನೇಕರನ್ನು ಒಯ್ದಿತು. ೧೮೩೪ರಲ್ಲಿ ಅವರ ಕ್ಷೋಭೆಯನ್ನು ಅಡಗಿಸಲು ಅಧ್ಯಕ್ಷ ಜಾಕ್ಸನ್ ಸೈನ್ಯವನ್ನು ಕಳುಹಿಸಿದರು. ಕತ್ತಲೆಯ ಆ ಸುರಂಗದಲ್ಲಿ ಸವಾರರು ಇಳಿದು, ದೀಪ ಹಿಡಿದು, ಬೈಸಿಕಲ್ಲನ್ನು ತಳ್ಳಿಕೊಂಡು ನಡೆಯುವರು. ಅಗೆದವರಿಗೆ ಸಲ್ಲುವ ಮರ್ಯಾದೆಯೂ ಅದರಲ್ಲಿ ಅರಿಯದೆಯೇ ಸಂದಂತಾಯಿತು.

ಉಳಿಸಿದುದು ತಾನಾಗಿ ಉಳಿಯುವುದೂ ಇಲ್ಲ. ೧೯೭೨ರ ಚಂಡಮಾರುತದ ನೆರೆ ನಾಲೆಯ ಏರಿಯನ್ನು ಅನೇಕ ಕಡೆ ಕೊಚ್ಚಿತು. ೧೯೯೬ರಲ್ಲಿ ಎರಡು ಸಲ ನೆರೆ ಬಂದಿತು. ಬಿದ್ದ ಮರವನ್ನು ಕಡಿದು ತೆಗೆಯುವುದು, ಕೊರಕಲನ್ನು ತುಂಬುವುದು, ಇವು ಪ್ರತಿವರ್ಷದ ಕೆಲಸ. ಸಂಬಳದ ಆಳುಗಳೊಡನೆ ಸ್ವಯಂಸೇವಕರೂ ಕೈಯಿಕ್ಕುವುದರಿಂದ ಅದು ನಡೆದಿದೆ.

ಈ ನಾಲೆಯ ದಾರಿಗೆ ಒಂದು ನಿಯಮವುಂಟು. ಬೈಸಿಕಲ್ಲಿಗೆ ಗಂಟೆ ಇರಬೇಕು. ವೇಗ ಗಂಟೆಗೆ ೧೫ ಮೈಲಿಯನ್ನು ಮೀರಬಾರದು. ಕಾಲ್ನಡೆಯವರಿಗೂ ಕುದುರೆ, ಹೇಸರಗತ್ತೆಗಳಿಗೂ ಸವಾರನು ದಾರಿ ಬಿಡಬೇಕು. ಮನುಸ್ಮೃತಿಯು ವೃದ್ಧ, ರೋಗಿ, ಹೊರೆ ಹೊತ್ತವನು, ಸ್ತ್ರೀ ಇವರಿಗೆ ದಾರಿ ಬಿಡಬೇಕೆನ್ನುವಾಗ, ರಥವೇರಿದವನ ಹೆಸರನ್ನೂ ಅದೇ ಸಾಲಿನಲ್ಲಿ, ಮೊದಲಿಗೇ, ಇಟ್ಟಿರುವುದು. ಈ ವಿಷಯದಲ್ಲಿ ನಾಲೆಯ ನಿಯಮವೇ ಮೇಲು. ಅದು ಚಕ್ರವುಳ್ಳವನನ್ನು ಕೊನೆಗೆ ನಿಲ್ಲಿಸಿದೆ. ಹಿಂದಿನಿಂದ ಗಂಟೆಯ ಸದ್ದು ಕೇಳಿದರೂ ಮುಂದೆ ನಡೆಯುತ್ತಿರುವ ಮುದುಕನು ಬೆಚ್ಚದೆ, ಹೆಜ್ಜೆಯನ್ನು ಬದಲಿಸದೆ, ನದಿಯನ್ನು ನೋಡುತ್ತಲೇ ಹೋಗಬಲ್ಲನಾದರೆ, ಅಂಥ ದಾರಿಗೆ ಕೋಶಕಾರನು ಕೊಟ್ಟ ಹೆಸರು ಸಲ್ಲುವುದು.